ಹೆಸರಿನ ವ್ಯಾಜ್ಯ ಇಮೇಲಿಗೂ ಬರುತ್ತದೆ

ಸುಳ್ಯದಿಂದ ಜಾಲ್ಸೂರು ದಾಟಿ ಕಾಸರಗೋಡಿಗೆ ಹೋಗುವ ರಸ್ತೆಯಲ್ಲಿ ಎರಡು ಕೆಎಸ್ಸಾರ್ಟಿಸಿಗಳು ಓಡುತ್ತವೆ, ಒಂದು ಕರ್ನಾಟಕದ್ದು, ಇನ್ನೊಂದು ಕೇರಳದ್ದು. ನಮ್ಮ ಮರ್ಕಂಜದವರಿಗೆ ಅದರಲ್ಲಿ ಗೊಂದಲವಿಲ್ಲ. ಬೋರ್ಡು ನೋಡಿ ಹತ್ತುತ್ತೇವೆ. ಇಂಟರ್ನೆಟ್ಟಿನಲ್ಲಿ ಮಾತ್ರ ಒಂದು ವಿಳಾಸಕ್ಕೆ ಒಬ್ಬನೇ ಒಡೆಯ. ಕೆಎಸ್ಆರ್‌ಟಿಸಿ ಡಾಟ್ ಇನ್ ಕರ್ನಾಟಕದ ಕೈಯಲ್ಲಿದೆ, ಕೇರಳದ್ದು ಕೇರಳಆರ್‌ಟಿಸಿ ಎಂಬ ಬೇರೆ ವಿಳಾಸ. ಕೆಎಸ್ಆರ್‌ಟಿಸಿ ಎಂಬ ಹೆಸರನ್ನು ಕೇರಳ 1965ರಿಂದ ಬಳಸುತ್ತಿದೆ, ನಮ್ಮವರು 1973ರಿಂದ. ಟ್ರೇಡ್‌ಮಾರ್ಕಿನ ಜಗಳದಲ್ಲಿ 2021ರಲ್ಲಿ ಕೇರಳ ತಾನೇ ಗೆದ್ದೆನೆಂದಿತು. 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಅದರ ಅರ್ಜಿಯನ್ನು ವಜಾ ಮಾಡಿತು.

ನಿಗಮಗಳಿಗೆ ವಕೀಲರಿದ್ದಾರೆ. ಹಲಸಿನ ಹಪ್ಪಳ, ಜೇನು, ಕಾಳುಮೆಣಸನ್ನು ಊರಿನ ಹೆಸರೋ ಮನೆತನದ ಹೆಸರೋ ಅಂಟಿಸಿ ಮಾರುವ ನಮ್ಮವರಿಗೆ ಯಾರಿದ್ದಾರೆ?

ಗೂಗಲ್ಲೇ ಈ ವಿಷಯದಲ್ಲಿ ಪೆಟ್ಟು ತಿಂದಿದೆ. 2004ರಲ್ಲಿ ಜಿಮೇಲ್ ಶುರುವಾಗುವ ಮೊದಲೇ ಜರ್ಮನಿಯ ಉದ್ಯಮಿಯೊಬ್ಬ ಅಂಥದೇ ಹೆಸರನ್ನು ನೋಂದಾಯಿಸಿಕೊಂಡಿದ್ದ. ಕೋರ್ಟು ಅವನ ಕಡೆ ನಿಂತಿತು. 2012ರವರೆಗೆ ಆ ದೇಶದ ಗ್ರಾಹಕರ ವಿಳಾಸ ಗೂಗಲ್‌ಮೇಲ್ ಡಾಟ್ ಕಾಮ್ ಎಂದೇ ಇತ್ತು. ಬ್ರಿಟನ್ನಿನಲ್ಲೂ 2005ರಿಂದ 2010ರ ತನಕ ಇದೇ ಕತೆ. ಎರಡೂ ಡೊಮೈನ್ ಗೂಗಲ್ಲಿನದೇ ಆದ್ದರಿಂದ ಪತ್ರಗಳು ಮಾತ್ರ ತಪ್ಪಲಿಲ್ಲ.

ನಮಗೆ ಆ ಅದೃಷ್ಟವಿಲ್ಲ. ಡಾಟ್ ಇನ್ ಹೆಸರುಗಳ ತಕರಾರಿಗೆ 2005ರಿಂದಲೂ ಮಧ್ಯಸ್ಥಿಕೆಯ ವ್ಯವಸ್ಥೆಯಿದೆ. ಎದುರಾಳಿಯ ಟ್ರೇಡ್‌ಮಾರ್ಕನ್ನು ನಿಮ್ಮ ಡೊಮೈನ್ ಹೋಲುತ್ತದೆ, ನಿಮಗೆ ಆ ಹೆಸರಿನ ಹಕ್ಕಿಲ್ಲ, ದುರುದ್ದೇಶವಿದೆ ಎಂದಾದರೆ ಡೊಮೈನ್ ಅವನಿಗೆ ಹೋಗುತ್ತದೆ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಆರಂಭವಾದ ಸತ್ಯಂ ಇನ್ಫೋವೇ ಮೊಕದ್ದಮೆಯಲ್ಲಿ, ಡೊಮೈನಿಗೂ ಟ್ರೇಡ್‌ಮಾರ್ಕಿನಂತೆಯೇ ರಕ್ಷಣೆಯುಂಟು ಎಂದು ಸುಪ್ರೀಂ ಕೋರ್ಟು 2004ರಲ್ಲೇ ಹೇಳಿದೆ. ಡೊಮೈನ್ ಹೋದರೆ ವೆಬ್‌ಸೈಟು ಹೋಯಿತು ಎಂದಷ್ಟೇ ಜನ ತಿಳಿಯುತ್ತಾರೆ. ಅದೇ ದೊಡ್ಡ ತಪ್ಪು. ಹೊಸ ಒಡೆಯ ಮೇಲ್ ಸೆಟ್ಟಿಂಗ್ ಬದಲಿಸಿದ ಕ್ಷಣದಿಂದ ನಿಮ್ಮ ಹಳೇ ವಿಳಾಸಕ್ಕೆ ಬರುವ ಆರ್ಡರು, ಜಿಎಸ್‌ಟಿ ನೋಟಿಸು, ಪಾಸ್‌ವರ್ಡ್ ಬದಲಿಸುವ ಲಿಂಕು ಎಲ್ಲವೂ ಅವನ ಪೆಟ್ಟಿಗೆಗೇ ಬೀಳಬಹುದು.

ಇನ್ನೊಂದು ತೊಡಕು ನಾವೇ ಮಾಡಿಕೊಳ್ಳುವುದು. ನಮ್ಮಲ್ಲಿ ಸೈಟು ಮಾಡಿಕೊಟ್ಟ ಹುಡುಗ ಡೊಮೈನನ್ನು ತನ್ನ ಹೆಸರಿಗೇ ತೆಗೆದುಕೊಂಡಿರುತ್ತಾನೆ. ಅವನಲ್ಲಿ ಕೆಟ್ಟ ಬುದ್ಧಿಯೇನೂ ಇರುವುದಿಲ್ಲ, ಕೆಲಸ ಬೇಗ ಮುಗಿಯಲಿ ಎಂದಷ್ಟೇ. ಆದರೆ ತಕರಾರು ಬಂದ ದಿನ ಉತ್ತರ ಕೊಡಬೇಕಾದವನು ಅವನು. ಅಷ್ಟರಲ್ಲಿ ಅವನು ದುಬೈಗೆ ಹೋಗಿರಲೂಬಹುದು.

ಸ್ಟಿಕ್ಕರ್ ಅಚ್ಚು ಹಾಕಿಸುವ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಸೈಟಿನಲ್ಲಿ ಆ ಹೆಸರನ್ನು ಹುಡುಕಿ ನೋಡುವುದಕ್ಕೆ ದುಡ್ಡು ಬೇಕಿಲ್ಲ. ಸಣ್ಣ ಉದ್ದಿಮೆಯವರಿಗೆ ಆನ್‌ಲೈನ್ ಅರ್ಜಿಯ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ನೋಂದಣಿ ಆದರೆ 10 ವರ್ಷ ನಿಶ್ಚಿಂತೆ. ಬ್ಯಾಂಕು, ಜಿಎಸ್‌ಟಿ ಖಾತೆಗಳಿಗೆ ವ್ಯಾಪಾರದ ಡೊಮೈನಿನ ಇಮೇಲನ್ನೇ ಕೊಟ್ಟವರು, ಆ ಡೊಮೈನ್ ಯಾರ ಹೆಸರಿನಲ್ಲಿದೆ ಎಂದು ಇದೇ ವಾರ ವಿಚಾರಿಸಿಕೊಳ್ಳಲಿ.