ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಏಕೆ ಹೋಗಬೇಕು?

ನಮ್ಮ ಜಮಾಅತ್‌ಗಳಲ್ಲಿ ಒಂದು ಒಳ್ಳೆಯ ರೂಢಿಯಿದೆ. ಯಾರಿಗಾದರೂ ಆಪರೇಷನ್ ಎಂದರೆ ಜುಮಾ ನಮಾಝಿನ ಬಳಿಕ ಮಸೀದಿಯ ಬಾಗಿಲಲ್ಲಿ ಶಾಲು ಹಾಸುತ್ತಾರೆ, ಹಣ ಸೇರುತ್ತದೆ. ಆದರೆ ‘ರಕ್ತ ಪರೀಕ್ಷೆಗೆ ಹೋಗಬೇಕು, ಬಸ್ ಚಾರ್ಜ್ ಬೇಕು’ ಎಂದು ಒಬ್ಬನೇ ವ್ಯಕ್ತಿ ಎಂಟನೆಯ ಸಲ ಬಂದು ನಿಂತರೆ ನಮಗೆ ಬೇಸರ. ‘ನೋಡಲು ಗಟ್ಟಿಮುಟ್ಟಾಗಿದ್ದಾನಲ್ಲ’ ಎನ್ನುತ್ತೇವೆ. ಸಿಎಂಎಲ್ ಎಂಬ ದೀರ್ಘಕಾಲದ ರಕ್ತ ಕ್ಯಾನ್ಸರ್ ಇರುವವರ ವಿಷಯದಲ್ಲಿ ಈ ಮಾತು ಅಪಾಯಕಾರಿ.

ಈ ರೋಗ ಶುರುವಾಗುವುದು ಮೂಳೆಮಜ್ಜೆಯ ಒಂದೇ ಒಂದು ಜೀವಕೋಶದಲ್ಲಿ. ಅಲ್ಲಿ 9ನೇ ಮತ್ತು 22ನೇ ವರ್ಣತಂತುಗಳ ತುಂಡುಗಳು ಮುರಿದು ಅದಲುಬದಲಾಗುತ್ತವೆ. ಕುಳ್ಳಗಾದ 22ನೇ ವರ್ಣತಂತುವನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನೋವೆಲ್ ಮತ್ತು ಹಂಗರ್‌ಫೋರ್ಡ್ ಗುರುತಿಸಿದರು. ಅದಕ್ಕೆ ಆ ಊರಿನ ಹೆಸರೇ ಉಳಿಯಿತು. ಈ ಅದಲುಬದಲಿನಿಂದ ಬಿಸಿಆರ್-ಎಬಿಎಲ್ ಎಂಬ ಹೊಸ ಜೀನ್ ಹುಟ್ಟಿ, ಬಿಳಿ ರಕ್ತಕಣಗಳಿಗೆ ಹೆಚ್ಚುತ್ತಲೇ ಇರಿ ಎಂದು ಬಿಡುವಿಲ್ಲದೆ ಅಪ್ಪಣೆ ಕೊಡುತ್ತದೆ. ಇದು ತಂದೆತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ರೋಗಿಯ ಮಗಳನ್ನು ಕೇಳಿ ಬಂದವರು ಈ ಕಾರಣಕ್ಕೆ ಹಿಂದೆ ಸರಿದರೆ ಅದು ಅನ್ಯಾಯವೇ ಸರಿ.

ಮೊದಲ ಹಂತದಲ್ಲಿ ರೋಗಿ ಹೊಲಕ್ಕೂ ಹೋಗುತ್ತಾನೆ, ಅಂಗಡಿಯನ್ನೂ ನಡೆಸುತ್ತಾನೆ. ಅಂಬ್ಲಿಗೊಳದವರಿಗೆ ಇದನ್ನು ಹೇಳುವುದು ಸುಲಭ: ಜಲಾಶಯದ ಏರಿಯಲ್ಲಿ ಸಣ್ಣ ಜಿನುಗು ಇದ್ದರೂ ಮೇಲೆ ನಿಂತವನಿಗೆ ನೀರು ಶಾಂತವಾಗಿಯೇ ಕಾಣುತ್ತದೆ. ಒಳಗೆ ಮಾತ್ರ ಹಾಳಾದ ಕೋಶಗಳು ಹೆಚ್ಚಿದಷ್ಟೂ ಹೊಸ ಬದಲಾವಣೆಗಳು ಕೂಡುತ್ತವೆ. ಎರಡನೆಯ ಫಿಲಡೆಲ್ಫಿಯಾ ವರ್ಣತಂತು ಬರಬಹುದು, 8ನೆಯದು ಎರಡರ ಬದಲು ಮೂರಾಗಬಹುದು, ಕೋಶವನ್ನು ಹದ್ದುಬಸ್ತಿನಲ್ಲಿಡುವ ಪಿ53 ಜೀನ್ ಕೆಡಬಹುದು. ಆಗ ಕಣಗಳು ಬಲಿಯುವುದನ್ನೇ ನಿಲ್ಲಿಸುತ್ತವೆ. ರಕ್ತದಲ್ಲಿ ಅಥವಾ ಮಜ್ಜೆಯಲ್ಲಿ ಇಂಥ ಎಳೆಯ ಕೋಶಗಳು ಶೇಕಡಾ 20 ಮುಟ್ಟಿದರೆ ಅದನ್ನು ಬ್ಲಾಸ್ಟ್ ಹಂತ ಎನ್ನುತ್ತಾರೆ. ಅಲ್ಲಿಂದ ರೋಗಿಯನ್ನು ಹಿಂದಕ್ಕೆ ತರುವುದು ಬಹಳ ಕಷ್ಟ.

ಅಲ್ಲಾಹನ ಅನುಗ್ರಹದಿಂದ ಈ ರೋಗಕ್ಕೆ 2001ರಿಂದ ಇಮಾಟಿನಿಬ್ ಎಂಬ ಮಾತ್ರೆ ಬಂದಿದೆ. ಅದು ಆ ಕೆಟ್ಟ ಜೀನ್ ಹುಟ್ಟಿಸುವ ಪ್ರೋಟೀನಿಗೇ ಬೀಗ ಹಾಕುತ್ತದೆ. ಕಂಪನಿಯ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿಗೂ ಹೆಚ್ಚು ಬೆಲೆಯಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಗೆ ಪೇಟೆಂಟ್ ನಿರಾಕರಿಸಿದ್ದರಿಂದ ನಮ್ಮ ದೇಶದಲ್ಲೇ ತಯಾರಾಗುವ ಅಗ್ಗದ ಮಾತ್ರೆ ಉಳಿಯಿತು. ಈಗ ಕೊರತೆ ಇರುವುದು ತಪ್ಪದೆ ನುಂಗುವುದರಲ್ಲಿ. ಲಂಡನ್ನಿನ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ದಿನಕ್ಕೆ ಒಂದು ಅಥವಾ ಹೆಚ್ಚು ಮಾತ್ರೆ ತಪ್ಪಿಸಿದವರಲ್ಲಿ ರೋಗ ಚೆನ್ನಾಗಿ ಹತೋಟಿಗೆ ಬರುವುದು ತೀರಾ ಕಡಿಮೆ ಎಂದು ಕಂಡಿತು. ತಿಂಗಳಿಗೆ ಬರೀ ಮೂರು ಮಾತ್ರೆ! ಕೆಲವರಲ್ಲಿ ಮಾತ್ರೆ ಸರಿಯಾಗಿ ನುಂಗಿದರೂ ಬೀಗದ ಕಿಂಡಿಯೇ ಬದಲಾಗುತ್ತದೆ. ಟಿ315ಐ ಎಂಬ ಬದಲಾವಣೆ ಆದರೆ ಇಮಾಟಿನಿಬ್ ಮಾತ್ರವಲ್ಲ, ಅದರ ನಂತರ ಬಂದ ಡಸಾಟಿನಿಬ್, ನಿಲೋಟಿನಿಬ್ ಕೂಡ ಹಿಡಿಯುವುದಿಲ್ಲ. ಬೇರೆ ಔಷಧಿ ಬೇಕು. ಇದು ಮುಖ ನೋಡಿ ತಿಳಿಯುವ ಸಂಗತಿಯಲ್ಲ. ಮೂರು ತಿಂಗಳಿಗೆ ಬಿಸಿಆರ್-ಎಬಿಎಲ್ ಪ್ರಮಾಣ ಶೇಕಡಾ 10ಕ್ಕೆ, ವರ್ಷಕ್ಕೆ 0.1ಕ್ಕೆ ಇಳಿಯಿತೇ ಎಂದು ಪರೀಕ್ಷೆಯೇ ಹೇಳಬೇಕು.

ಕರಿಜೀರಿಗೆ ಎಣ್ಣೆ, ಜೇನು ಸೇವಿಸುವವರಿದ್ದಾರೆ. ವೈದ್ಯರಿಗೆ ತಿಳಿಸಿ ಸೇವಿಸಲಿ. ಅದನ್ನು ನಂಬಿ ಮಾತ್ರೆ ಬಿಟ್ಟರೆ ಕೆಟ್ಟಿತು. ವರ್ಷಗಟ್ಟಲೆ ರೋಗದ ಸುಳಿವೇ ಸಿಗದ ಕೆಲವರಿಗೆ ವೈದ್ಯರೇ ಮಾತ್ರೆ ನಿಲ್ಲಿಸಿ ನೋಡುವುದುಂಟು, ಅದು ಅವರ ತೀರ್ಮಾನ. ರಮಝಾನ್ ಬರುವ ಮೊದಲೂ ಕೇಳಿಕೊಳ್ಳಬೇಕು. ಇಮಾಟಿನಿಬ್ಬನ್ನು ಊಟದೊಂದಿಗೆ ದೊಡ್ಡ ಲೋಟ ನೀರು ಕುಡಿದು ನುಂಗಬೇಕು. ದಿನಕ್ಕೆ ಒಂದೇ ಹೊತ್ತು ನುಂಗುವವರಿಗೆ ವೈದ್ಯರು ಇಫ್ತಾರ್ ನಂತರದ ಹೊತ್ತು ಸೂಚಿಸಬಹುದು. ನಿಲೋಟಿನಿಬ್ ಹಾಗಲ್ಲ, ಅದು ಖಾಲಿ ಹೊಟ್ಟೆಗೆ, ದಿನಕ್ಕೆರಡು ಸಲ. ಉಪವಾಸ ಹಿಡಿಯಲಾಗದ ರೋಗಿಗೆ ಅಲ್ಲಾಹನೇ ರಿಯಾಯಿತಿ ಕೊಟ್ಟಿರುವಾಗ ನಾವು ಯಾರು ಹುಬ್ಬೇರಿಸಲು?

ಅಂಬ್ಲಿಗೊಳದಿಂದ ಶಿಕಾರಿಪುರ, ಅಲ್ಲಿಂದ ಶಿವಮೊಗ್ಗ, ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ: ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ, ಎರಡು ದಿನದ ಕೂಲಿ ನಷ್ಟ. ಜೊತೆಗೆ ಒಬ್ಬರು ಹೋದರೆ ನಾಲ್ಕು ದಿನದ್ದು. ಖಾಸಗಿ ಲ್ಯಾಬಿನಲ್ಲಾದರೆ ಪರೀಕ್ಷೆಗೆ ಕೆಲವು ಸಾವಿರ ರೂಪಾಯಿ. ನಮ್ಮ ದೇಶದಲ್ಲಿ ಈ ರೋಗ ಹೆಚ್ಚಾಗಿ ಕಾಣುವುದು ದುಡಿಯುವ ವಯಸ್ಸಿನವರಲ್ಲಿ. ಝಕಾತಿಗೆ ಅರ್ಹರಾದ ಇಂಥ ರೋಗಿಗಳ ಹೆಸರನ್ನು ಬೈತುಲ್ ಮಾಲ್‌ನವರು ಒಂದು ಪುಸ್ತಕದಲ್ಲಿ ಬರೆದಿಟ್ಟು, ಪರೀಕ್ಷೆಯ ತಾರೀಖಿಗೆ ವಾರ ಮೊದಲೇ ಹಣವನ್ನು ಮನೆಗೆ ಮುಟ್ಟಿಸಲಿ. ಕೇಳಲು ಬರುವಂತೆ ಮಾಡುವುದು ಬೇಡ. ನಾಚಿಕೆಯಿಂದ ಒಬ್ಬ ಎರಡು ಸಲ ಪರೀಕ್ಷೆ ತಪ್ಪಿಸಿದರೆ ಆರು ತಿಂಗಳು ಕಳೆಯಿತು.