ಕಂಪ್ಯೂಟರಿನ ಜ್ವರಕ್ಕೆ ಮದ್ದು ಯಾವುದು?

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಂಪ್ಯೂಟರಿನ ಶಾಖದ ಮಾತೇಕೆಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಇದು ವಿಜ್ಞಾನ ವಿದ್ಯಾರ್ಥಿಗಳ ಪಾಲಿನ ವಿಷಯ, ನಮಗೇಕೆ ಎಂದು ಕಳೆದ ಬೇಸಿಗೆಯವರೆಗೆ ನಾನೂ ಎಣಿಸಿದ್ದೆ. ಆದರೆ ಆಟವಾಡಲು ತಕ್ಕ ಕಂಪ್ಯೂಟರನ್ನು ಸಾಲ ಮಾಡಿಯಾದರೂ ಮನೆಗೆ ತಂದಿರುವ ಮಿತ್ರರು ನನ್ನ ತರಗತಿಯಲ್ಲಿಯೇ ಐದಾರು ಮಂದಿ ಇದ್ದಾರೆ. ಬಿಸಿಲು ಏರಿತೆಂದರೆ ಇವರೆಲ್ಲರ ಅಳಲು ಒಂದೇ: ಪ್ರೊಸೆಸರು ಕಾಯುತ್ತದೆ. ಅಂಗಡಿಯವರ ಉತ್ತರವೂ ಒಂದೇ: ದುಡ್ಡು ಹಾಕಿ. ಅಳಲು ನಿಜ, ಉತ್ತರ ಮಾತ್ರ ಅವಸರದ್ದು ಎಂಬುದು ನನ್ನ ಅಭಿಪ್ರಾಯ.

ನಮ್ಮ ಮನೆ ಇರುವುದು ಬಳ್ಳಾರಿಯಲ್ಲಿ, ಜೀನ್ಸ್ ಹೊಲಿಯುವ ಶೆಡ್ಡುಗಳ ಬೀದಿಯಲ್ಲಿ. ಕಂಪ್ಯೂಟರು ಅಣ್ಣನದು. ಹಗಲು ಅವನು ಅದರಲ್ಲಿ ಮದುವೆಯ ವಿಡಿಯೋಗಳನ್ನು ಎಡಿಟ್ ಮಾಡುತ್ತಾನೆ. ರಾತ್ರಿ ಹತ್ತರ ಮೇಲೆ ಅದು ನನ್ನ ಆಟಕ್ಕೆ. ಮೇ ತಿಂಗಳ ಒಂದು ಸಂಜೆ ಮದುವೆಯೊಂದರ ವಿಡಿಯೋ ಅರ್ಧ ತಯಾರಾಗಿದ್ದಾಗ ತೆರೆ ಒಮ್ಮೆಲೇ ಕಪ್ಪಾಯಿತು. ಮತ್ತೆ ಹಚ್ಚಿದೆವು, ಮತ್ತೆ ಆರಿತು. ಮೂರನೆಯ ಸಲವೂ ಹಾಗೆಯೇ. ಬೆಳಗಾದರೆ ಹೆಣ್ಣಿನ ಕಡೆಯವರು ಪೆನ್‌ಡ್ರೈವಿಗೆ ಬರುವವರಿದ್ದರು. ಮುಂಗಡ ಹಣ ಆಗಲೇ ಖರ್ಚಾಗಿತ್ತು. ಅಂಗಡಿಯವರು ಪಕ್ಕದ ಹಲಗೆಯನ್ನೂ ತೆಗೆಯದೆ, "ಲಿಕ್ವಿಡ್ ಕೂಲರ್ ಹಾಕಿಸ್ರಿ, ಡಬ್ಬಾನೂ ಬದಲ್ ಮಾಡ್ರಿ, ಇಲ್ಲಾಂದ್ರ ಬೋರ್ಡ್ ಹೋಗ್ತದ" ಎಂದು ಹದಿನಾಲ್ಕು ಸಾವಿರದ ಚೀಟಿ ಬರೆದುಕೊಟ್ಟರು. ಅಪ್ಪ ಚೀಟಿಯನ್ನು ಓದಿ ಮಡಚಿ ಜೇಬಿಗಿಟ್ಟುಕೊಂಡು, "ರಾತ್ರಿಯೆಲ್ಲಾ ಆಟ ಆಡಿ ಸುಟ್ಟುಬಿಟ್ಟೆಯಲ್ಲೋ" ಎಂದು ನನ್ನನ್ನು ನೋಡಿದರು. ಅಣ್ಣ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ನಾಟಿತು.

ನಾನು ಸುಟ್ಟಿದ್ದೆನೆ? ಇದನ್ನು ತಿಳಿಯದೆ ನಿದ್ದೆ ಬರುವಂತಿರಲಿಲ್ಲ. ಆಗ ಓದಿ ತಿಳಿದದ್ದರಲ್ಲಿ ನನ್ನನ್ನು ಬೆರಗುಗೊಳಿಸಿದ ಒಂದು ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ನಮ್ಮ ಆರು ಕೋರಿನ ಪ್ರೊಸೆಸರು 65 ವ್ಯಾಟಿನದೆಂದು ಹೆಸರಾದರೂ ದುಡಿಮೆ ಹೆಚ್ಚಿದಾಗ 76 ವ್ಯಾಟಿನವರೆಗೆ ಎಳೆಯುತ್ತದೆ. ಎಳೆದ ವಿದ್ಯುತ್ತೆಲ್ಲವೂ ಕಡೆಗೆ ಶಾಖವೇ ಆಗಬೇಕು. ಅದರ ಬಹುಪಾಲು ಹುಟ್ಟುವುದು ಒಂದು ಚದರ ಸೆಂಟಿಮೀಟರೂ ಇಲ್ಲದ ಸಿಲಿಕಾನ್ ಚೂರಿನಲ್ಲಿ. 18 ಸೆಂಟಿಮೀಟರ್ ಅಡ್ಡಗಲದ 1000 ವ್ಯಾಟಿನ ವಿದ್ಯುತ್ ಒಲೆಯನ್ನು ತೆಗೆದುಕೊಂಡರೆ ಚದರ ಸೆಂಟಿಮೀಟರಿಗೆ 4 ವ್ಯಾಟು ಬರುವುದೂ ಕಷ್ಟ. ಎಂದರೆ ಸಾರು ಕುದಿಸುವ ಒಲೆಗಿಂತ ಹತ್ತು ಪಟ್ಟಿಗೂ ಮೇಲಾದ ದಟ್ಟಣೆಯ ಶಾಖ ನಮ್ಮ ಮೇಜಿನ ಕೆಳಗಿದೆ! ಅದು ಕಾಯುವುದು ಸೋಜಿಗವಲ್ಲ, ಕಾಯದಿದ್ದರೆ ಸೋಜಿಗ. 1980ರ ಸುಮಾರಿನ ಮನೆ ಕಂಪ್ಯೂಟರುಗಳ ಪ್ರೊಸೆಸರಿಗೆ ತಲೆಯ ಮೇಲೆ ಫ್ಯಾನೇ ಇರಲಿಲ್ಲವಂತೆ. ವೇಗ ಏರಿದಂತೆ ಶಾಖವೂ ಏರಿ, 2004ರಲ್ಲಿ ಇಂಟೆಲ್ ಸಂಸ್ಥೆ 4 ಗಿಗಾಹರ್ಟ್ಸ್ ವೇಗದ ಪೆಂಟಿಯಮ್ 4 ತರುವ ಯೋಜನೆಯನ್ನು ಕೈಬಿಟ್ಟಿತು. ಒಂದೇ ಎತ್ತನ್ನು ಇನ್ನಷ್ಟು ಹೊಡೆದು ಓಡಿಸುವುದನ್ನು ಬಿಟ್ಟು ಎರಡು, ನಾಲ್ಕು, ಆರು ಎತ್ತುಗಳನ್ನು ಕಟ್ಟುವ ಕಾಲ ಅಲ್ಲಿಂದ ಮುಂದೆ ಬಂತು.

ಇನ್ನು ಹೆದರಿಕೆಯ ಮಾತು. ಪ್ರತಿ ಪ್ರೊಸೆಸರಿಗೂ ತಯಾರಕರು ಒಂದು ಮೇರೆ ಹೇಳಿರುತ್ತಾರೆ. ನಮ್ಮದಕ್ಕೆ ಅದು 90 ಡಿಗ್ರಿ ಸೆಲ್ಸಿಯಸ್. ಮೇರೆ ಮುಟ್ಟಿದೊಡನೆ ಪ್ರೊಸೆಸರು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಮೀರಿ ಕಾದರೆ ಯಂತ್ರವನ್ನೇ ಆರಿಸಿಬಿಡುತ್ತದೆ. ಆರಿಹೋಗುವುದೆಂದರೆ ಸತ್ತಂತಲ್ಲ, ಸಾಯದಂತೆ ಕಾಪಾಡಿಕೊಂಡಂತೆ. 2022ರಲ್ಲಿ ಬಂದ ಎಎಂಡಿಯವರ ರೈಜೆನ್ 7000 ಸಾಲಿನಲ್ಲಂತೂ ಪೂರ್ಣ ದುಡಿಮೆಯ ವೇಳೆ 95 ಡಿಗ್ರಿ ಇರುವುದು ಸಹಜವೆಂದು ತಯಾರಕರೇ ಹೇಳಿದರು. ಆದ್ದರಿಂದ ಮಿತ್ರರು ತೆರೆಯ ಮೂಲೆಯಲ್ಲಿ 80 ಕಂಡೊಡನೆ ಎದೆ ಬಡಿದುಕೊಳ್ಳಬೇಕಾಗಿಲ್ಲ. ಹಾಗೆಂದು ಕಣ್ಣು ಮುಚ್ಚಿಕೊಳ್ಳುವಂತೆಯೂ ಇಲ್ಲ. ಹೋದ ವರ್ಷ 75 ಇದ್ದದ್ದು ಅದೇ ಆಟದಲ್ಲಿ, ಅದೇ ಸೆಕೆಯಲ್ಲಿ ಈ ವರ್ಷ 90 ಆದರೆ ಒಳಗೆ ಏನೋ ಕೆಟ್ಟಿದೆ.

ನಮ್ಮಲ್ಲಿ ಕೆಟ್ಟದ್ದೇನೆಂಬುದು ಪಕ್ಕದ ಹಲಗೆ ತೆಗೆದ ಕೂಡಲೇ ತಿಳಿಯಿತು. ಕೂಲರಿನ ಅಲ್ಯೂಮಿನಿಯಮ್ ರೆಕ್ಕೆಗಳ ನಡುವೆ ನೀಲಿ ನೂಲಿನ ಜುಂಗು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಬಳ್ಳಾರಿಯ ಕೆಂಧೂಳು ಅದಕ್ಕೆ ಗಾರೆಯಾಗಿತ್ತು. ಫ್ಯಾನಿನ ನಡುವಿಗೆ ಎಳೆ ಸುತ್ತಿಕೊಂಡು ಅದು ತಿರುಗುವುದಕ್ಕಿಂತ ತಿಣುಕುವುದೇ ಹೆಚ್ಚಾಗಿತ್ತು. ಬೀದಿಯ ಅರ್ಧ ಪ್ಯಾಂಟು ನಮ್ಮ ಕಂಪ್ಯೂಟರಿನಲ್ಲಿತ್ತೆಂದರೆ ಅತಿಶಯೋಕ್ತಿಯಾಗಲಾರದು. ಬಣ್ಣ ಬಳಿಯುವ ಹೊಸ ಕುಂಚವೊಂದು, ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು, ಇವಿಷ್ಟೇ ನಮ್ಮ ಆಯುಧಗಳು. ಗಾಳಿ ಹೊಡೆಯುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅದು ಹುಚ್ಚಾಬಟ್ಟೆ ತಿರುಗಿ ಕೆಡಬಹುದು.

ಅಷ್ಟಕ್ಕೇ ನಿಲ್ಲಿಸದೆ ಕೂಲರನ್ನೂ ಕಿತ್ತೆವು. ಇಲ್ಲಿ ನಮ್ಮ ಅಜ್ಞಾನಕ್ಕೆ ದಂಡ ತೆರಬೇಕಾಗಿತ್ತು. ಹಳೆಯ ಪೇಸ್ಟು ಒಣಗಿ ಅಂಟಾಗಿತ್ತಾದ್ದರಿಂದ ಕೂಲರಿನೊಡನೆ ಪ್ರೊಸೆಸರೂ ಬುಡಸಹಿತ ಎದ್ದು ಬಂತು. ಅದರ ಅಡಿಯಲ್ಲಿ 1331 ಸೂಜಿಗಳು. ಒಂದು ಬಾಗಿದರೂ ಕಥೆ ಮುಗಿಯಿತು. ಅಣ್ಣನ ಮುಖ ಬಿಳುಪೇರಿದ್ದನ್ನು ನಾನು ಮರೆಯಲಾರೆ. ದೇವರ ದಯೆ, ಎಲ್ಲವೂ ನೆಟ್ಟಗಿದ್ದುವು. ಸೂಜಿಯಿರುವ ಬಗೆಯ ಪ್ರೊಸೆಸರಾದರೆ ಮೊದಲು ಹತ್ತು ನಿಮಿಷ ಯಂತ್ರವನ್ನು ದುಡಿಸಿ ಪೇಸ್ಟನ್ನು ಬೆಚ್ಚಗಾಗಿಸಬೇಕು. ಆಮೇಲೆ ಆರಿಸಿ, ವಿದ್ಯುತ್ತಿನ ತಂತಿ ಕಳಚಿ, ಕೂಲರನ್ನು ನೇರ ಎಳೆಯದೆ ಮೆಲ್ಲಗೆ ಆಚೀಚೆ ತಿರುಗಿಸಿ ಬಿಡಿಸಬೇಕು. ಈ ಮಾತು ಮರುದಿನ ತಿಳಿಯಿತು.

ಪೇಸ್ಟಿನ ಬಗೆಗೆ ನಮ್ಮವರಲ್ಲಿ ಒಂದು ತಪ್ಪು ಕಲ್ಪನೆ ಇದೆ, ಹೆಚ್ಚು ಬಳಿದಷ್ಟೂ ತಂಪು ಎಂದು. ಲೋಹ ಎಷ್ಟು ನುಣುಪಾಗಿ ಕಂಡರೂ ಅದರಲ್ಲಿ ಕಣ್ಣಿಗೆ ಕಾಣದ ತಗ್ಗುಗಳಿರುತ್ತವೆ. ಅಲ್ಲಿ ಗಾಳಿ ಕುಳಿತಿರುತ್ತದೆ. ಗಾಳಿಗಿಂತ ತಾಮ್ರ ಸುಮಾರು ಹದಿನೈದು ಸಾವಿರ ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಪೇಸ್ಟಿನ ಯೋಗ್ಯತೆ ಇವೆರಡರ ನಡುವಿನದು. ಗಾಳಿಗಿಂತ ಎಷ್ಟೋ ಮೇಲು, ತಾಮ್ರಕ್ಕಿಂತ ಬಹಳ ಕೀಳು. ಆದ್ದರಿಂದ ತಗ್ಗು ತುಂಬುವಷ್ಟು ಬೇಕು, ಗೋಡೆ ಕಟ್ಟುವಷ್ಟು ಬೇಡ. ಬಟಾಣಿ ಕಾಳಿನಷ್ಟು ಸಾಕು.

ಫಲವೇನೆಂದರೆ, ಕೋಣೆಯಲ್ಲಿ 38 ಡಿಗ್ರಿ ಇದ್ದ ಆ ರಾತ್ರಿ ಪೂರ್ಣ ದುಡಿಮೆಯಲ್ಲಿ ಪ್ರೊಸೆಸರು 76ರ ಮೇಲೆ ಹೋಗಲಿಲ್ಲ. ವಿಡಿಯೋ ಎರಡು ಗಂಟೆಗೆ ಮುಗಿಯಿತು. ಪೇಸ್ಟಿಗೆ ಮತ್ತು ಕುಂಚಕ್ಕೆ ಸೇರಿ ಮುನ್ನೂರು ರೂಪಾಯಿಯೂ ಆಗಿರಲಿಲ್ಲ. ಡಿಸೆಂಬರಿನಲ್ಲಿ ಕೋಣೆ 24ಕ್ಕೆ ಇಳಿದಾಗ ಅದೇ ಕೆಲಸಕ್ಕೆ 62 ತೋರಿಸಿತು. ಎರಡು ಸಲವೂ ಅಂತರ 38 ಡಿಗ್ರಿಯೇ! ಗಮನಿಸಬೇಕಾದದ್ದು ಈ ಅಂತರವನ್ನು. ಹೊರದೇಶದ ವಿಮರ್ಶಕರು ಇಪ್ಪತ್ತು ಚಿಲ್ಲರೆ ಡಿಗ್ರಿಯ ಕೋಣೆಯಲ್ಲಿ ಕುಳಿತು ಹೇಳಿದ ಅಂಕಿಯನ್ನು ಬಳ್ಳಾರಿಯ, ರಾಯಚೂರಿನ ಮೇ ತಿಂಗಳಿಗೆ ಹಚ್ಚಿ ನಮ್ಮ ಯಂತ್ರ ಕೆಟ್ಟಿತೆಂದು ಕೊರಗುವುದು ವ್ಯರ್ಥ.

ನನ್ನ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ತೆರೆ ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲದು. ನನ್ನ ಆಟ ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ತಯಾರಿಸಿ ಗಾಳಿಗೆ ತೂರುತ್ತಿತ್ತು. ಆಟದೊಳಗೇ 60ರ ಮಿತಿ ಹಾಕಿದೆ. ಕಾಸಿಲ್ಲದೆ ಎಂಟು ಡಿಗ್ರಿ ಇಳಿಯಿತು. ಮಿಕ್ಕಂತೆ ವೋಲ್ಟೇಜನ್ನು ತುಸು ತಗ್ಗಿಸುವ ವಿದ್ಯೆಯೂ ಉಂಟು. ಪ್ರೊಸೆಸರಿನ ದುಡಿಮೆಗೆ ತಗಲುವ ವಿದ್ಯುತ್ತು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ನೂರಕ್ಕೆ ಹತ್ತು ತಗ್ಗಿಸಿದರೆ ಶಾಖ ನೂರಕ್ಕೆ ಹತ್ತೊಂಬತ್ತರಷ್ಟು ತಗ್ಗಬೇಕು. ಅತಿಯಾಗಿ ಇಳಿಸಿದರೆ ಯಂತ್ರ ನಡುನಡುವೆ ತಡವರಿಸುತ್ತದೆ. ಅಷ್ಟಿಷ್ಟೇ ಇಳಿಸುತ್ತ ಪರೀಕ್ಷಿಸುವ ತಾಳ್ಮೆ ಇದ್ದವರು ಮಾತ್ರ ಕೈಹಾಕಬೇಕು.

ಲಿಕ್ವಿಡ್ ಕೂಲರು ಮೋಸವೆಂದು ನಾನು ಹೇಳುವುದಿಲ್ಲ. ಇನ್ನೂರು ವ್ಯಾಟು ಎಳೆಯುವ ಪ್ರೊಸೆಸರಿಟ್ಟವರಿಗೆ ಅದು ಬೇಕಾದೀತು. ಆದರೆ ಅದು ತಂಪನ್ನು ಹುಟ್ಟಿಸುವುದಿಲ್ಲ; ಶಾಖವನ್ನು ನೀರಿನ ಮೂಲಕ ಇನ್ನೊಂದೆಡೆಗೆ ಒಯ್ದು ಅದೇ ಕೋಣೆಗೆ ಬಿಡುತ್ತದೆ. ಕೋಣೆಗಿಂತ ತಣ್ಣಗೆ ಅದು ಯಾವುದನ್ನೂ ಮಾಡಲಾರದು. ಮುಂಬದಿಗೆ ಪೂರ್ತಿ ಗಾಜು ಬಡಿದು ಅದರ ಹಿಂದೆ ಬಣ್ಣದ ದೀಪದ ಫ್ಯಾನುಗಳನ್ನು ಕೂರಿಸಿದ ಡಬ್ಬಗಳನ್ನು ಮಾತ್ರ ನಾನು ಕ್ಷಮಿಸಲಾರೆ. ಕಿಟಕಿ ಮುಚ್ಚಿ ಬೀಸಣಿಗೆ ಬೀಸಿಕೊಂಡ ಹಾಗೆ! ಯಂತ್ರ ಬಿಚ್ಚಿದರೆ ಗ್ಯಾರಂಟಿ ಹೋಗುವುದೆಂದು ಕೆಲವರು ಆಕ್ಷೇಪಿಸುತ್ತಾರೆ. ಚೀಟಿಯನ್ನೂ ಮೊಹರನ್ನೂ ಮೊದಲು ನೋಡಿ, ಅನುಮಾನವಿದ್ದರೆ ಕೊಟ್ಟವರ ಕೈಯಲ್ಲೇ ಧೂಳು ಹೊಡೆಸಬಹುದು. ನಿಂತು ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಕಡೆಯದಾಗಿ ಅಧ್ಯಾಪಕ ವರ್ಗದಲ್ಲಿ ಒಂದು ಅರಿಕೆ. ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯ ಯಂತ್ರಗಳು ಮಧ್ಯಾಹ್ನದ ಹೊತ್ತಿಗೆ ಕುಂಟತೊಡಗುತ್ತವೆ. "ಹಳೆಯವಾದುವು, ಹೊಸತು ಬರಬೇಕು" ಎಂಬ ಮಾತು ನಾನು ಸೇರಿದಂದಿನಿಂದ ಕಿವಿಗೆ ಬೀಳುತ್ತಿದೆ. ಹೊಸತು ಬರುವ ತನಕ, ಪರೀಕ್ಷೆಗೆ ಮುಂಚಿನ ಒಂದು ಶನಿವಾರ ನಾಲ್ಕೈದು ವಿದ್ಯಾರ್ಥಿಗಳಿಗೆ ಆ ಕೋಣೆಯ ಬೀಗದ ಕೈ ಕೊಡಬೇಕು. ಕುಂಚವನ್ನೂ ಪಂಪನ್ನೂ ನಾನು ತರುತ್ತೇನೆ. ಅಣ್ಣನೂ ಬರುವುದಾಗಿ ಹೇಳಿದ್ದಾನೆ, ಕೂಲರು ಕೀಳುವ ಕೆಲಸ ಮಾತ್ರ ತನ್ನದಲ್ಲವೆಂಬ ಷರತ್ತಿನ ಮೇಲೆ.

— ದ್ವಿತೀಯ ಬಿ.ಎ. ವಿದ್ಯಾರ್ಥಿ