ಸೊಸೆ ಎಂದರೆ ಮುಗಿಯಿತೇ?

ಮಾರ್ಗರೆಟ್ ಆಳ್ವರ ಹೆಸರೆತ್ತಿದರೆ ಬಂದ್ಯೋಡಿನ ಚಾ ಅಂಗಡಿಯಲ್ಲಿ ಒಂದೇ ಮಾತು: "ವಯಲೆಟ್ ಆಳ್ವರ ಸೊಸೆ ಅಲ್ವಾ ಮಾಷ್ಟ್ರೇ?" ಹೌದು ಸ್ವಾಮೀ, ಮನೆತನ ಬಾಗಿಲು ತೆರೆದಿರಬಹುದು, ಒಪ್ಪಿದೆ. ಆದರೆ ಅತ್ತೆ ತೀರಿಹೋದದ್ದು 1969ರಲ್ಲಿ, ಮಂಗಳೂರಿನ ಈ ಹೆಣ್ಣುಮಗಳು ರಾಜ್ಯಸಭೆಗೆ ಹೋದದ್ದು 1974ರಲ್ಲಿ. 1998ರವರೆಗೆ 24 ವರ್ಷ ಅಲ್ಲಿ ಕೆಲಸ ಮಾಡಿದ್ದು ಅತ್ತೆಯೇ? ಪಂಚಾಯತಿನಲ್ಲಿ ಮಹಿಳೆಯರಿಗೆ ಮೀಸಲಾತಿ ಬೇಕೆಂದು 1988ರ ರಾಷ್ಟ್ರೀಯ ಯೋಜನೆ ಹೇಳಿದಾಗ ಆ ಖಾತೆಯ ರಾಜ್ಯ ಸಚಿವೆ ಇವರೇ. ಇಂದು ನಮ್ಮ ಮಂಗಲ್ಪಾಡಿ ಪಂಚಾಯತಿನಲ್ಲೂ ಅರ್ಧ ಸೀಟು ಹೆಂಗಸರಿಗೆ. ಅವರನ್ನೂ ನಾವು "ಇಂಥವರ ಹೆಂಡತಿ" ಎಂದೇ ಗುರುತಿಸುವುದು!

1957ರಿಂದ ಕಾಸರಗೋಡು ಲೋಕಸಭೆಗೆ ಒಬ್ಬ ಹೆಣ್ಣನ್ನೂ ಕಳಿಸಿಲ್ಲ. ಯಾಕೆ ಸರ್ ಎಂದು ಏಳನೇ ಕ್ಲಾಸಿನ ಹುಡುಗಿ ಕೇಳಿದಳು. ಚಾ ಅಂಗಡಿಯ ಪಂಡಿತರೇ, ಅವಳಿಗೆ ನೀವೇ ಉತ್ತರ ಹೇಳಿ.